ಫ್ಲೆಕ್ಸ್‌ನಲ್ಲಿ ಜಾಗ ಸಿಗದವರ ಬೆಲೆ ಎಷ್ಟು?

2025ರ ಮೇ ತಿಂಗಳಲ್ಲಿ ಬಾಗಲಕೋಟೆಯ ಮನೆಯೊಂದರಲ್ಲಿ ಕೇಕ್ ಕತ್ತರಿಸಲಾಯಿತು. ಆ ಮನೆಯ ಹುಡುಗ ಎಸ್ಸೆಸ್ಸೆಲ್ಸಿಯ ಆರೂ ವಿಷಯಗಳಲ್ಲಿ ಅನುತ್ತೀರ್ಣನಾಗಿದ್ದ. ಹೆತ್ತವರು ಗದರಿಸಲಿಲ್ಲ. ಬಾಗಿಲು ಮುಚ್ಚಿ ಕೂರಲೂ ಇಲ್ಲ. ಮನೆಮಂದಿಯನ್ನು ಸೇರಿಸಿ, ಕೇಕ್ ತಂದು, ಸೋತಿರುವುದು ಪರೀಕ್ಷೆಯಲ್ಲಿ ಮಾತ್ರ, ಬದುಕಿನಲ್ಲಿ ಅಲ್ಲ ಎಂದು ಮಗನಿಗೆ ಧೈರ್ಯ ತುಂಬಿದರು. ಹುಡುಗ ಮತ್ತೆ ಪರೀಕ್ಷೆ ಬರೆಯುವುದಾಗಿ ಹೇಳಿದ. ಈ ಸುದ್ದಿ ರಾಜ್ಯದ ಗಡಿಯನ್ನೂ ದಾಟಿ ಹೋಯಿತು. ಬಹಳ ಮಂದಿ ಮೆಚ್ಚಿಕೊಂಡರು. ಸೋತವನಿಗೂ ಕೇಕ್ ತಿನ್ನಿಸುವ ಕಾಲ ಬಂತೇ ಎಂದು ಮೂಗು ಮುರಿಯುವವರು ಇಲ್ಲದಿರಲು ಸಾಧ್ಯವೇ?

ನಿಜವಾಗಿ, ಅದು ಸುದ್ದಿಯಾಗಬೇಕಾದ ಸಂಗತಿಯೇ ಆಗಿರಲಿಲ್ಲ. ಹೆತ್ತವರು ತಮ್ಮ ಮಗನನ್ನು ಮಗನಂತೆ ಕಂಡರು, ಅಷ್ಟೇ. ಅದು ದೇಶದ ಗಮನ ಸೆಳೆಯುವಷ್ಟು ಅಪರೂಪದ್ದಾಗಿ ಕಂಡದ್ದು ಯಾಕೆ? ಫಲಿತಾಂಶದ ದಿನ ನಮ್ಮ ಉಳಿದ ಮನೆಗಳಲ್ಲಿ ಏನು ನಡೆಯುತ್ತದೆ ಎಂಬುದು ನಮಗೆಲ್ಲರಿಗೂ ಗೊತ್ತಿರುವುದರಿಂದಲೇ ಅಲ್ಲವೇ?

ಅದೇ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇ. 91.12ರೊಂದಿಗೆ ರಾಜ್ಯಕ್ಕೆ ಪ್ರಥಮ ಸ್ಥಾನ ಪಡೆಯಿತು. ಕಲಬುರಗಿ ಶೇ. 42.43ರೊಂದಿಗೆ ಕೊನೆಯಲ್ಲಿತ್ತು. ಈ ಎರಡು ಅಂಕೆಗಳನ್ನು ಇಟ್ಟುಕೊಂಡು ಶಿಕ್ಷಣ ತಜ್ಞರು ಪ್ರತಿ ವರ್ಷವೂ ಚರ್ಚಿಸುತ್ತಾರೆ, ಚರ್ಚಿಸಬೇಕು ಕೂಡ. ಆದರೆ ಇನ್ನೊಂದು ಮಗ್ಗುಲು ಯಾರ ಗಮನಕ್ಕೂ ಬರುವುದಿಲ್ಲ. ಕಲಬುರಗಿಯಲ್ಲಿ ಅನುತ್ತೀರ್ಣನಾದ ವಿದ್ಯಾರ್ಥಿಯ ಜೊತೆ ಅರ್ಧಕ್ಕಿಂತ ಹೆಚ್ಚು ತರಗತಿಯೇ ಇರುತ್ತದೆ. ಮಂಗಳೂರಿನ ಹಳ್ಳಿಯಲ್ಲಿ ಅನುತ್ತೀರ್ಣನಾದವನು ಬಹುತೇಕ ಒಬ್ಬಂಟಿ. ಬೆಂಚಿನಲ್ಲಿ ಅವನ ಎಡಕ್ಕಿದ್ದವನೂ ಬಲಕ್ಕಿದ್ದವನೂ ತೇರ್ಗಡೆಯಾಗಿರುತ್ತಾರೆ. ಇಬ್ಬರ ಅಂಕವೂ ಒಂದೇ ಇರಬಹುದು. ಹೊರಬೇಕಾದ ಭಾರ ಮಾತ್ರ ಒಂದೇ ಅಲ್ಲ. ಜಿಲ್ಲೆ ಮೊದಲ ಸ್ಥಾನ ಪಡೆದ ಸಂಭ್ರಮವನ್ನು ಪತ್ರಿಕೆಗಳು ಮುಖಪುಟದಲ್ಲಿ ಕೊಂಡಾಡುವಾಗ, ಉಳಿದ ಶೇ. 9ರಷ್ಟು ಮಕ್ಕಳು ಆ ಪುಟವನ್ನು ಹೇಗೆ ಓದುತ್ತಾರೆ?

ಫಲಿತಾಂಶ ಪ್ರಕಟವಾದ ವಾರದೊಳಗೆ ನಮ್ಮ ಜಂಕ್ಷನ್‌ಗಳಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. ಶಾಲೆಗಳದ್ದು, ಕೋಚಿಂಗ್ ಕೇಂದ್ರಗಳದ್ದು, ಯುವಕ ಮಂಡಲಗಳದ್ದು, ಜಮಾಅತ್ ಕಮಿಟಿಗಳದ್ದು. ತಿಂಗಳೊಳಗೆ ಪ್ರತಿಭಾ ಪುರಸ್ಕಾರ. ಶೇ. 90ಕ್ಕಿಂತ ಮೇಲಿನವರಿಗೆ ಶಾಲು, ಸ್ಮರಣಿಕೆ. ನಮ್ಮ ಸಮುದಾಯದಲ್ಲಿ ಈ ಸನ್ಮಾನಗಳಿಗೆ ಒಂದು ಹಿನ್ನೆಲೆಯಿದೆ ಮತ್ತು ಅದು ಗೌರವಾರ್ಹವಾದುದು. 2006ರಲ್ಲಿ ಸಾಚಾರ್ ಸಮಿತಿಯು ಮುಸ್ಲಿಮರ ಶೈಕ್ಷಣಿಕ ಹಿಂದುಳಿಯುವಿಕೆಯನ್ನು ಅಂಕಿ ಅಂಶಗಳ ಸಹಿತ ಮುಂದಿಟ್ಟಾಗ, ಕಲಿಯುವ ಮಕ್ಕಳನ್ನು ವೇದಿಕೆಗೆ ಕರೆದು ಬೆನ್ನು ತಟ್ಟುವುದು ಅತ್ಯಗತ್ಯವಾಗಿತ್ತು. ಹಾಗೆ ಬೆನ್ನು ತಟ್ಟಿಸಿಕೊಂಡವರ ಪೈಕಿ ಅನೇಕರು ಇವತ್ತು ವೈದ್ಯರೂ ಇಂಜಿನಿಯರರೂ ಅಧ್ಯಾಪಕರೂ ಆಗಿದ್ದಾರೆ. ಆದ್ದರಿಂದ ಸನ್ಮಾನ ನಿಲ್ಲಿಸಿ ಎಂದು ಇಲ್ಲಿ ವಾದಿಸುತ್ತಿಲ್ಲ. ವೇದಿಕೆಯ ಕೆಳಗೆ, ಕೊನೆಯ ಸಾಲಿನ ಕುರ್ಚಿಯಲ್ಲಿ, ಅದೇ ಮೊಹಲ್ಲಾದ, ಅದೇ ಮದ್ರಸದಲ್ಲಿ ಕಲಿತ, 210 ಅಂಕ ಪಡೆದ ಮಗುವೂ ಕುಳಿತಿರುತ್ತದೆ ಎಂಬುದನ್ನು ನೆನಪಿಸುವುದಷ್ಟೇ ಉದ್ದೇಶ. ಕುಳಿತಿರುತ್ತದೆಯೇ? ಬಹುಶಃ ಇರುವುದಿಲ್ಲ. ಆ ದಿನ ಅದು ಮನೆಯಲ್ಲಿಯೇ ಉಳಿದಿರುತ್ತದೆ.

ಈ 210 ಎಂಬ ಸಂಖ್ಯೆಯನ್ನು ಇಲ್ಲಿ ಬಳಸಿದ್ದಕ್ಕೆ ಕಾರಣವಿದೆ. 625ರಲ್ಲಿ ಶೇ. 35 ಎಂದರೆ 219. 210 ಅಂಕ ಪಡೆದವನು ಅದರ ಕೆಳಗಿದ್ದ, ಅನುತ್ತೀರ್ಣ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರಕಾರ ಉತ್ತೀರ್ಣತೆಯ ಮಿತಿಯನ್ನು ಶೇ. 33ಕ್ಕೆ ಇಳಿಸಿತು. ಒಟ್ಟು 206 ಅಂಕ, ಪ್ರತಿ ವಿಷಯದಲ್ಲಿ ಕನಿಷ್ಠ 30 ಇದ್ದರೆ ಸಾಕು. ಅಂದರೆ, ಒಂದು ವರ್ಷ ಮೊದಲು ಮನೆಯವರಿಂದ ಬೈಸಿಕೊಂಡ ಅದೇ 210, ಮುಂದಿನ ವರ್ಷ ಉತ್ತೀರ್ಣ. ಈ ನಿರ್ಧಾರ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. ಆದರೆ ಯೋಚಿಸಿ: ಇಲಾಖೆಯೊಂದು ಆದೇಶ ಹೊರಡಿಸಿ ಹಿಂದೆ ಮುಂದೆ ಸರಿಸಬಹುದಾದ ಗೆರೆ ಅದು. ಆ ಗೆರೆಯ ಆಧಾರದಲ್ಲಿ ಕಾಲೇಜು ಪ್ರವೇಶವನ್ನು ನಿರ್ಧರಿಸಬಹುದು. ಮಗುವಿನ ಬೆಲೆಯನ್ನೇ ನಿರ್ಧರಿಸುವುದು ಹೇಗೆ?

ಹಾಗಂತ, ಇದು ಬರೇ ಮಕ್ಕಳ ಸಮಸ್ಯೆ ಎಂದು ಭಾವಿಸಬೇಕಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಯಂತೆ, 2022ರಲ್ಲಿ ಈ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ನಾಲ್ಕನೇ ಒಂದಕ್ಕಿಂತಲೂ ಹೆಚ್ಚು ಮಂದಿ ದಿನಗೂಲಿಗಳು. ಹತ್ತರಲ್ಲಿ ಏಳರಷ್ಟು ಪುರುಷರು. ಒಂದು ಸಾವಿಗೆ ಒಂದೇ ಕಾರಣ ಇರುವುದಿಲ್ಲ. ಸಾಲ, ಕಾಯಿಲೆ, ಖಿನ್ನತೆ, ಕುಟುಂಬ ಕಲಹ ಎಲ್ಲವೂ ಸೇರಿಕೊಂಡಿರುತ್ತವೆ. ಆದ್ದರಿಂದ ಆ ಲಕ್ಷಕ್ಕೂ ಮಿಕ್ಕ ಸಾವುಗಳನ್ನು ಒಂದು ವಾಕ್ಯದಲ್ಲಿ ವಿವರಿಸಿ ಮುಗಿಸುವುದು ಅನ್ಯಾಯ. ಆದರೆ ಪುರುಷರು ಮತ್ತು ದಿನಗೂಲಿಗಳು ಈ ಪಟ್ಟಿಯಲ್ಲಿ ಇಷ್ಟು ದೊಡ್ಡ ಸಂಖ್ಯೆಯಲ್ಲಿರುವುದು ಏನನ್ನೋ ಹೇಳುತ್ತದೆ. ಗಳಿಸಿದರೆ ಮಾತ್ರ ಗಂಡಸು ಎಂಬ ಒಂದು ಅಲಿಖಿತ ಅಂಕಪಟ್ಟಿ ನಮ್ಮಲ್ಲಿದೆ. 2020ರಲ್ಲಿ ಕೊರೋನಾದಿಂದಾಗಿ ಗಲ್ಫ್‌ನಿಂದ ಕೆಲಸ ಕಳಕೊಂಡು ಮರಳಿದವರನ್ನು ನಾವು ಹೇಗೆ ಸ್ವಾಗತಿಸಿದೆವು? 'ಇನ್ನೇನು ಮಾಡ್ತೀರಿ?' ಎಂಬ ಪ್ರಶ್ನೆಯಿಂದ. ಹದಿನೈದು ವರ್ಷ ಮರುಭೂಮಿಯ ಬಿಸಿಲಲ್ಲಿ ದುಡಿದು, ತಂಗಿಯಂದಿರ ಮದುವೆ ಮಾಡಿಸಿ, ಮನೆಗೆ ಮಾಡು ಹಾಕಿಸಿದವನು ಆರು ತಿಂಗಳು ಸಂಬಳವಿಲ್ಲದೆ ಕುಳಿತ ಕೂಡಲೇ ಊಟದ ಬಟ್ಟಲಿನ ಮುಂದೆ ತಲೆ ತಗ್ಗಿಸಬೇಕಾಗುತ್ತದೆ.

ಗೆದ್ದವರಾದರೂ ಈ ತಕ್ಕಡಿಯಿಂದ ಪಾರಾಗಿದ್ದಾರೆಯೇ? ಚಿಕ್ಕಮಗಳೂರಿನ ಕಾಫಿಯನ್ನು 1996ರಿಂದ ನಗರ ನಗರಗಳ ಮೇಜಿಗೆ ತಲುಪಿಸಿದ, ಸಾವಿರಾರು ಮಂದಿಗೆ ಉದ್ಯೋಗ ಕೊಟ್ಟ ವಿ.ಜಿ. ಸಿದ್ಧಾರ್ಥ ಅವರನ್ನು 2019ರ ಜುಲೈಯಲ್ಲಿ ನೇತ್ರಾವತಿಯ ದಡದಲ್ಲಿ ನಾವು ಕಳಕೊಂಡೆವು. ಅವರದ್ದೆಂದು ಬಹಿರಂಗವಾದ ಪತ್ರದಲ್ಲಿ, ಉದ್ಯಮಿಯಾಗಿ ತಾನು ಸೋತೆ ಎಂಬ ಅರ್ಥದ ಮಾತಿತ್ತು. ದೇಶವೇ ಯಶಸ್ಸಿನ ಉದಾಹರಣೆಯಾಗಿ ತೋರಿಸುತ್ತಿದ್ದ ವ್ಯಕ್ತಿಯ ಮಾತದು. 2020ರ ಡಿಸೆಂಬರ್‌ನಲ್ಲಿ ಅವರ ಪತ್ನಿ ಮಾಳವಿಕಾ ಹೆಗ್ಡೆಯವರು ಅದೇ ಸಂಸ್ಥೆಯ ಚುಕ್ಕಾಣಿ ಹಿಡಿದರು. ಸಾಲ ಹಾಗೆಯೇ ಇತ್ತು, ಸಾಲಗಾರರೂ ಇದ್ದರು. ಅವರು ಅದನ್ನು ಸ್ವಲ್ಪ ಸ್ವಲ್ಪವೇ ಇಳಿಸತೊಡಗಿದರು. ಯಾವ ಭಾರ ಹೊರಲಾಗದ್ದು ಎಂದು ಒಂದು ರಾತ್ರಿ ಅನಿಸುತ್ತದೋ ಅದೇ ಭಾರವನ್ನು ಪಾಲು ಮಾಡಿ, ಕಂತು ಮಾಡಿ, ಹಲವು ಕೈಗಳಿಂದ ಎತ್ತಲು ಸಾಧ್ಯವಿದೆ. ಆದರೆ ಅದನ್ನು ಆ ರಾತ್ರಿ ಹೇಳಲು ಪಕ್ಕದಲ್ಲಿ ಯಾರಾದರೂ ಇರಬೇಕು.

ಕಾನೂನು ಈ ವಿಷಯದಲ್ಲಿ ಸಮಾಜಕ್ಕಿಂತ ಮುಂದಿದೆ ಎಂಬುದು ವಿಚಿತ್ರವಾದರೂ ಸತ್ಯ. ಬ್ರಿಟಿಷರ ಕಾಲದ ದಂಡಸಂಹಿತೆಯ 309ನೇ ವಿಧಿಯು ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರನ್ನು ಅಪರಾಧಿಯಾಗಿ ಕಾಣುತ್ತಿತ್ತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು ಅಂಥವರನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದು ಪರಿಗಣಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರಕಾರದ ಹೊಣೆ ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ವಿಧಿಯೇ ಇಲ್ಲ. ಸರಕಾರಿ ನೌಕರನನ್ನು ಮಣಿಸುವ ಉದ್ದೇಶದಿಂದ ಯತ್ನಿಸಿದರೆ ಮಾತ್ರ ಶಿಕ್ಷೆಯಿದೆ. 2022ರಿಂದ ಕೇಂದ್ರ ಸರಕಾರದ ಟೆಲಿಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಕೆಲಸ ಮಾಡುತ್ತಿದೆ. ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ನಮ್ಮ ಎಷ್ಟು ಸೂಚನಾ ಫಲಕಗಳಲ್ಲಿ ಈ ಐದಂಕಿಯ ಸಂಖ್ಯೆ ಇದೆ?

ಈಗ ಇದಕ್ಕೆ ಪರಿಹಾರವೆಂದು ಮಾರಾಟವಾಗುತ್ತಿರುವ ಸರಕಿನ ಬಗ್ಗೆಯೂ ಹೇಳಬೇಕು. ವ್ಯಕ್ತಿತ್ವ ವಿಕಸನ ಶಿಬಿರ ಎಂಬುದು ಕಳೆದ ಎರಡು ದಶಕಗಳಲ್ಲಿ ನಮ್ಮ ಶಾಲೆ, ಕಾಲೇಜು, ಸಭಾಭವನಗಳನ್ನು ತುಂಬಿಕೊಂಡಿದೆ. ಕೋಟು ತೊಟ್ಟ ತರಬೇತುದಾರರು ಬರುತ್ತಾರೆ. ಕನಸು ಕಾಣಿ, ನಿಮ್ಮಿಂದ ಆಗದ್ದು ಯಾವುದೂ ಇಲ್ಲ, ಬದುಕು ಚಿಕ್ಕದು, ಬೇಗ ಸಾಧಿಸಿ ಎನ್ನುತ್ತಾರೆ. ಮಕ್ಕಳು ಎದ್ದು ನಿಂತು ಕೂಗುತ್ತಾರೆ. ಅದರಲ್ಲಿ ಒಳ್ಳೆಯ ತರಬೇತುದಾರರು ಇಲ್ಲವೆಂದಲ್ಲ. ವೇದಿಕೆಯಲ್ಲಿ ಮಾತಾಡಲು ಹೆದರುವ ಮಗುವಿಗೆ ಮೈಕ್ ಕೊಟ್ಟು ಧೈರ್ಯ ತುಂಬುವುದು ಸಣ್ಣ ಸೇವೆಯೂ ಅಲ್ಲ. ಆದರೆ ಈ ಬೋಧನೆಯ ಒಳಗೆ ಒಂದು ತೊಡಕಿದೆ. ನಿನ್ನಿಂದ ಆಗದ್ದೇ ಇಲ್ಲ ಎಂದು ನಂಬಿಸಲಾದ ಮಗು, ಆಗದೇ ಹೋದಾಗ ಯಾರನ್ನು ದೂರಬೇಕು? ತನ್ನನ್ನೇ. ಮನೆಯಲ್ಲಿ ಓದಲು ಒಂದು ಕೋಣೆಯಿಲ್ಲ, ಗಣಿತಕ್ಕೆ ಶಾಲೆಯಲ್ಲಿ ಶಿಕ್ಷಕರಿಲ್ಲ, ಬೀಡಿ ಕಟ್ಟುವ ತಾಯಿಗೆ ನೆರವಾಗದೆ ಉಪಾಯವಿಲ್ಲ. ಇವೆಲ್ಲ ಆ ಶಿಬಿರದ ಲೆಕ್ಕಕ್ಕೆ ಬರುವುದಿಲ್ಲ. ಎಲ್ಲವೂ ಇಚ್ಛಾಶಕ್ತಿಯ ಖಾತೆಗೆ ಜಮೆಯಾಗುತ್ತದೆ. ಆತ್ಮಗೌರವವನ್ನು ಗೆಲುವಿನ ಹಗ್ಗದಲ್ಲಿ ನೇತು ಹಾಕಿದರೆ, ಹಗ್ಗ ತುಂಡಾದ ದಿನ ಎರಡೂ ಕೆಳಗೆ ಬೀಳುತ್ತವೆ.

ಛಲದ ಬಗ್ಗೆ ಮಕ್ಕಳಿಗೆ ಹೇಳಲೇಬೇಕೆಂದಿದ್ದರೆ, ದೂರದ ಅಮೇರಿಕದ ಕೋಟ್ಯಧಿಪತಿಗಳನ್ನು ಕರೆತರುವ ಅಗತ್ಯವಿಲ್ಲ. ಸಾಲುಮರದ ತಿಮ್ಮಕ್ಕ ಇದ್ದಾರೆ. 2025ರ ನವೆಂಬರ್ 14ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 114 ವರ್ಷ ಎನ್ನಲಾಯಿತು. 2019ರ ಪದ್ಮಶ್ರೀ, ಸ್ವೀಕರಿಸುವಾಗ ರಾಷ್ಟ್ರಪತಿ ರಾಮನಾಥ ಕೋವಿಂದರ ತಲೆ ಮುಟ್ಟಿ ಆಶೀರ್ವದಿಸಿದ ಆ ಫೋಟೋ, ಗೌರವ ಡಾಕ್ಟರೇಟ್, ಎಲ್ಲವನ್ನೂ ಪತ್ರಿಕೆಗಳು ನೆನಪಿಸಿಕೊಂಡವು. ಆದರೆ ಅವರ ಬದುಕಿನ ಮುಖ್ಯ ಭಾಗ ಇವು ಯಾವುದೂ ಅಲ್ಲ. ಅದು ಶುರುವಾಗುವುದು ಬೆಲೆ ಕಳಕೊಂಡಲ್ಲಿಂದ. ಶಾಲೆಗೆ ಹೋಗದ, ಕೂಲಿ ಮಾಡುವ, ಮದುವೆಯಾಗಿ ವರ್ಷಗಳು ಕಳೆದರೂ ಮಕ್ಕಳಾಗದ ಹೆಣ್ಣಿಗೆ ಆ ಕಾಲದ ಹಳ್ಳಿ ಕೊಟ್ಟ ಹೆಸರು ಏನಿದ್ದಿರಬಹುದು ಎಂಬುದನ್ನು ವಿವರಿಸಬೇಕಾಗಿಲ್ಲ. ಮದುವೆ ಮನೆಯಲ್ಲಿ, ಸೀಮಂತದಲ್ಲಿ ಇವತ್ತೂ ಆ ಹೆಸರು ಚಾಲ್ತಿಯಲ್ಲಿದೆ. ಆ ನೋವಿನಲ್ಲಿ ಸಾಯುವ ಯೋಚನೆಯೂ ಆಕೆಯನ್ನು ಕಾಡಿತ್ತೆಂದು ವರದಿಗಳು ಹೇಳುತ್ತವೆ.

ಆಕೆ ಮತ್ತು ಪತಿ ಚಿಕ್ಕಯ್ಯ ಮಾಡಿದ್ದು ಇಷ್ಟು: ಮಾಗಡಿ ತಾಲೂಕಿನ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಆಲದ ಸಸಿ ನೆಟ್ಟರು. ಮೊದಲ ವರ್ಷ ಹತ್ತು, ಮರುವರ್ಷ ಹದಿನೈದು, ಆಮೇಲೆ ಇಪ್ಪತ್ತು. ಮಳೆಗಾಲದಲ್ಲಿ ನೆಡುವುದು, ಬೇಸಗೆಯಲ್ಲಿ ಕೊಡಗಳಲ್ಲಿ ನೀರು ಹೊತ್ತು ಕಿಲೋಮೀಟರ್‌ಗಟ್ಟಲೆ ನಡೆದು ಎರೆಯುವುದು, ದನಕರು ಮೇಯದಂತೆ ಮುಳ್ಳಿನ ಬೇಲಿ ಕಟ್ಟುವುದು. ಕೂಲಿಯ ಕೆಲಸ ಬಿಡುವಂತಿಲ್ಲ, ಹೊಟ್ಟೆ ಇದೆಯಲ್ಲ. ಹೀಗೆ ವರ್ಷಗಟ್ಟಲೆ. ಒಟ್ಟು 385 ಮರಗಳು ಎಂಬುದು ಈಗ ಎಲ್ಲರಿಗೂ ಗೊತ್ತಿರುವ ಲೆಕ್ಕ. ಅಷ್ಟಕ್ಕೂ, ಅವರು ಆರಿಸಿಕೊಂಡ ಮರವನ್ನು ಗಮನಿಸಿ. ತೆಂಗಲ್ಲ, ಮಾವಲ್ಲ, ಆಲ. ಮಾರಲು ಹಣ್ಣಿಲ್ಲ. ದಾರಿಹೋಕರಿಗೆ ನೆರಳು ಕೊಡುವಷ್ಟು ಹರಡಬೇಕಾದರೆ ದಶಕಗಳು ಬೇಕು. ನಡುವಯಸ್ಸಿನಲ್ಲಿ ಆಲದ ಸಸಿ ನೆಡುವವರಿಗೆ, ಅದರ ತುಂಬು ನೆರಳಲ್ಲಿ ನಡೆಯುವವರು ಬೇರೆಯೇ ಜನ ಎಂಬುದು ತಿಳಿಯದ ವಿಷಯವಲ್ಲ. ಬದುಕು ಚಿಕ್ಕದು ಎಂಬ ಅರಿವು ಅವರಲ್ಲೂ ಇತ್ತು. ಅದರಿಂದ ಅವರಿಗೆ ಅವಸರ ಹುಟ್ಟಲಿಲ್ಲ.

ಇಲ್ಲಿ ನನ್ನನ್ನು ಬಹಳ ಕಾಡುವುದು ತಿಮ್ಮಕ್ಕ ಅಲ್ಲ, ಚಿಕ್ಕಯ್ಯ. ಅವರು 1991ರಲ್ಲಿ ತೀರಿಕೊಂಡರು. ತಿಮ್ಮಕ್ಕನಿಗೆ ರಾಷ್ಟ್ರೀಯ ಪೌರ ಪ್ರಶಸ್ತಿ ಬಂದದ್ದು 1995ರಲ್ಲಿ. ಅಂದರೆ, ಗುಂಡಿ ತೋಡಿದ, ನೀರು ಹೊತ್ತ, ಬೇಲಿ ಕಟ್ಟಿದ ಈ ಮನುಷ್ಯ ದೇಶದ ಒಂದು ಚಪ್ಪಾಳೆಯನ್ನೂ ಕೇಳದೆ ಹೋದರು. ಅವರ ಹೆಸರಿನ ಮುಂದೆ 'ಸಾಲುಮರದ' ಎಂಬ ವಿಶೇಷಣವಿಲ್ಲ. ಅವರು ತೀರಿಕೊಂಡ ದಿನ ಅಂಕಪಟ್ಟಿ ಬರೆಯುವುದಾಗಿದ್ದರೆ ನಾವು ಏನೆಂದು ಬರೆಯುತ್ತಿದ್ದೆವು? ಕೂಲಿಯಾಳು, ಬಡವ, ಮಕ್ಕಳಿಲ್ಲದವ, ಆಸ್ತಿ ಇಲ್ಲದವ. ಎಲ್ಲ ವಿಷಯಗಳಲ್ಲೂ ಅನುತ್ತೀರ್ಣ. ಒಂದು ವೇಳೆ ತಿಮ್ಮಕ್ಕ ಕೂಡಾ 1994ರಲ್ಲಿ ತೀರಿಕೊಂಡಿರುತ್ತಿದ್ದರೆ? ಪ್ರಶಸ್ತಿಯಿಲ್ಲ, ಪಾಠವಿಲ್ಲ, ಫೋಟೋವಿಲ್ಲ. ಮರಗಳು ಮಾತ್ರ ಅಷ್ಟೇ ಇರುತ್ತಿದ್ದವು. 2019ರಲ್ಲಿ ರಸ್ತೆ ಅಗಲೀಕರಣಕ್ಕಾಗಿ ಆ ಮರಗಳನ್ನೇ ಕಡಿಯುವ ಆತಂಕ ಎದುರಾದಾಗ, ನೂರು ದಾಟಿದ ತಿಮ್ಮಕ್ಕ ಸರಕಾರಕ್ಕೆ ಮೊರೆಯಿಟ್ಟು ಉಳಿಸಿಕೊಳ್ಳಬೇಕಾಯಿತು. ಹೆಸರು ಬಂದದ್ದರಿಂದ ಆದ ಪ್ರಯೋಜನ ಬಹುಶಃ ಅದುವೇ ದೊಡ್ಡದು.

ನಮ್ಮದೇ ಜಿಲ್ಲೆಯ ಹರೇಕಳ ಹಾಜಬ್ಬರ ಬಗ್ಗೆಯೂ ಒಂದು ಮಾತು. ಕಿತ್ತಳೆಯ ಬೆಲೆಯನ್ನು ವಿದೇಶೀಯರು ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರಿಸಲಾಗದ ಸಂಕಟದಿಂದ ನ್ಯೂಪಡ್ಪುವಿನಲ್ಲಿ ಶಾಲೆ ಎದ್ದ ಕತೆಯನ್ನು ನಾವು ಹೇಳಿ ಹೇಳಿ ನುಣುಪು ಮಾಡಿದ್ದೇವೆ. ಅವಮಾನ, ಹಠ, ಪದ್ಮಶ್ರೀ. ಮೂರೇ ಮೆಟ್ಟಿಲು. ಭಾಷಣಕಾರರಿಗೆ ಇದು ಅನುಕೂಲ. ಆದರೆ ಮೊದಲ ಮೆಟ್ಟಿಲಿಗೂ ಮೂರನೆಯದಕ್ಕೂ ಮಧ್ಯೆ ಎರಡು ದಶಕಗಳಿಗೂ ಮಿಕ್ಕಿದ ಅವಧಿಯಿದೆ. ಬೆಳಿಗ್ಗೆ ಬುಟ್ಟಿ ಹೊತ್ತು ಮಂಗಳೂರಿಗೆ, ಮಾರಿ ಉಳಿದ ಸಮಯದಲ್ಲಿ ಶಿಕ್ಷಣ ಇಲಾಖೆಯ ಕಚೇರಿಗೆ, ದಾನಿಗಳ ಮನೆಗೆ. ಶಾಲೆಗೆ ಕಟ್ಟಡವೇ ಇಲ್ಲದಾಗ ಮಕ್ಕಳು ಕುಳಿತದ್ದು ಮದ್ರಸದಲ್ಲಿ. 2020ರ ಜನವರಿಯಲ್ಲಿ ಪದ್ಮಶ್ರೀಯ ಸುದ್ದಿ ತಲುಪುವಾಗ ಅವರು ರೇಶನ್ ಅಂಗಡಿಯ ಸಾಲಿನಲ್ಲಿದ್ದರು. 2021ರ ನವೆಂಬರ್‌ನಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಅದನ್ನು ಸ್ವೀಕರಿಸಿದರು. ಪ್ರಶಸ್ತಿ ಬಾರದೇ ಇರುತ್ತಿದ್ದರೆ ಮರುದಿನ ಅವರು ಏನು ಮಾಡುತ್ತಿದ್ದರು? ಅದೇ ಸಾಲು, ಅದೇ ಬುಟ್ಟಿ, ಅದೇ ಶಾಲೆ.

ಸಾವಿನ ಮನೆಯಲ್ಲಿ ನಾವೆಲ್ಲ ಇದನ್ನು ಒಪ್ಪಿಕೊಳ್ಳುತ್ತೇವೆ. ಮಯ್ಯಿತ್ ಇಟ್ಟ ಜಗಲಿಯಲ್ಲಿ ಕುಳಿತವರ ಮಾತನ್ನು ಗಮನಿಸಿದ್ದೀರಾ? ತೀರಿಕೊಂಡವರ ಎಸ್ಸೆಸ್ಸೆಲ್ಸಿ ಅಂಕವನ್ನು ಯಾರೂ ಎತ್ತುವುದಿಲ್ಲ. ಬ್ಯಾಂಕ್ ಲೆಕ್ಕವೂ ಅಲ್ಲಿ ಬರುವುದಿಲ್ಲ, ಅದೇನಿದ್ದರೂ ವಾರದ ನಂತರ ಪಾಲುದಾರರ ನಡುವೆ. ಪಕ್ಕದ ಮನೆಯವರ ಹೆರಿಗೆಗೆ ನಡುರಾತ್ರಿ ರಿಕ್ಷಾ ತಂದದ್ದು, ದಾರಿಗಾಗಿ ಎರಡಡಿ ಜಾಗ ಬಿಟ್ಟುಕೊಟ್ಟದ್ದು, ಸಾಲ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳುಹಿಸದೇ ಇದ್ದದ್ದು, ಇಂಥವೇ ಹೊರಬರುತ್ತವೆ. ಆ ಕ್ಷಣದಲ್ಲಿ ಮನುಷ್ಯನನ್ನು ತೂಗುವ ಸರಿಯಾದ ಕಲ್ಲು ನಮ್ಮ ಕೈಯಲ್ಲೇ ಇರುತ್ತದೆ. ದಫನ ಮುಗಿಸಿ ಮನೆಗೆ ಬಂದು, ಮಗನ ಅಂಕಪಟ್ಟಿಯನ್ನು ಕೈಗೆತ್ತಿಕೊಳ್ಳುವಾಗ ಆ ಕಲ್ಲನ್ನು ಎಲ್ಲಿಟ್ಟಿದ್ದೇವೆಂದು ಮರೆತುಹೋಗುತ್ತದೆ.

ಹೀಗೆಲ್ಲ ಹೇಳಿದರೆ ಮಕ್ಕಳು ಓದುವುದನ್ನೇ ಬಿಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಶಿಕ್ಷಣದಿಂದಲೇ ತಲೆಯೆತ್ತಬೇಕಾದ ಸಮುದಾಯದಲ್ಲಿ ಈ ಆತಂಕ ಸಹಜ. ಆದರೆ ಹೆದರಿಸಿ ಓದಿಸಿದ್ದು ಒಂದು ಪರೀಕ್ಷೆಯವರೆಗೆ ಬರಬಹುದು, ಎರಡನೆಯದಕ್ಕೆ ಬರುವುದಿಲ್ಲ. ಸೋತ ಬಳಿಕವೂ ಮನೆಯಲ್ಲಿ ಬಟ್ಟಲು ಹಾಕಿ ಊಟಕ್ಕೆ ಕರೆಯುತ್ತಾರೆ ಎಂಬ ಖಾತರಿ ಇರುವ ಮಗುವೇ ಮತ್ತೆ ಪುಸ್ತಕ ತೆರೆಯುವುದು. ಬಾಗಲಕೋಟೆಯ ಹುಡುಗ ಕೇಕ್ ತಿಂದು ಹೇಳಿದ್ದು, ಇನ್ನು ಓದುವುದಿಲ್ಲ ಎಂದಲ್ಲ.

ರಾಜ್ಯದ ಪರೀಕ್ಷಾ ಮಂಡಳಿಯು 2024ರಲ್ಲಿ ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ತಂದಿತು. ಮೊದಲನೆಯದರಲ್ಲಿ ಆಗದವರು ವರ್ಷ ಕಳಕೊಳ್ಳದೆ ಎರಡನೆಯದನ್ನು ಬರೆಯಬಹುದು. ಆದರೆ ಮೊದಲ ಫಲಿತಾಂಶ ಬಂದು ಎರಡನೇ ಪರೀಕ್ಷೆಗೆ ಉಳಿಯುವುದು ಕೆಲವೇ ವಾರಗಳು. ನಾವು ಫ್ಲೆಕ್ಸ್ ಕಟ್ಟುವುದು, ಸನ್ಮಾನದ ಸಭೆಗೆ ಅತಿಥಿಗಳನ್ನು ಹುಡುಕುವುದು ಕೂಡಾ ಅದೇ ವಾರಗಳಲ್ಲಿ. ಈ ಬಾರಿ ಒಂದು ಫ್ಲೆಕ್ಸ್‌ನ ಹಣ ಉಳಿಸಿ ನೋಡೋಣ. ಅನುತ್ತೀರ್ಣರಾದ ಮಕ್ಕಳ ಮನೆಗೆ ಕಮಿಟಿಯ ಇಬ್ಬರು, ಸಾಧ್ಯವಾದರೆ ಮದ್ರಸದ ಉಸ್ತಾದರೂ, ಪರೀಕ್ಷಾ ಶುಲ್ಕದೊಂದಿಗೆ ಹೋಗಲಿ. ಸಂಜೆ ಮದ್ರಸದ ಕೊಠಡಿ ಖಾಲಿಯೇ ಇರುತ್ತದೆ. ಹಿಂದಿನ ವರ್ಷ ಸನ್ಮಾನ ಪಡೆದ ವಿದ್ಯಾರ್ಥಿಗಳನ್ನೇ ಕರೆಸಿ ಅಲ್ಲಿ ಗಣಿತ, ವಿಜ್ಞಾನ ಹೇಳಿಕೊಡಿಸಬಹುದು. ಬಾಗಿಲ ಬಳಿ 14416 ಎಂದು ದೊಡ್ಡಕ್ಷರದಲ್ಲಿ ಬರೆದು ಅಂಟಿಸಲು ಒಂದು ಹಾಳೆ ಸಾಕು. ಮುಂದಿನ ಪ್ರತಿಭಾ ಪುರಸ್ಕಾರದ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಈ ವಿಷಯ ಕಮಿಟಿಯ ಸಭೆಯಲ್ಲಿ ಚರ್ಚೆಗೆ ಬರಲಿ.